ಕೆಂಪು ಶಾಯಿಯ ಷರಾ

ಜೂನ್ ೩, ೨೦೨೫. ಮಂಗಳವಾರ. ಬೆಳಿಗ್ಗೆ ೭.೩೦

ಚಹಾ ಆಯಿತು. ಬಿ.ಪಿ. ಗುಳಿಗೆ ಆಯಿತು. ನಿನ್ನೆಯದನ್ನು ಬರೆದಿಡದಿದ್ದರೆ ಮತ್ತೊಂದು ಗುಳಿಗೆ ಬೇಕಾದೀತು.

ಕೊಡುತ್ತೇವೆ ಎಂದದ್ದು: ನನ್ನ ಸಮಗ್ರ ಬರಹ, ಒಂದೇ ಸಂಪುಟ, ಗಟ್ಟಿ ರಟ್ಟು. ಹೆಸರು ‘ಮುಳ್ಳು ಎಣಿಸಿ’. ಡಿಸೆಂಬರಿನಲ್ಲಿ ಕುಮಟಾದಲ್ಲಿ ಬಿಡುಗಡೆ. ಮೀನು ಮಾರುವವರ ಬುಟ್ಟಿ ಚಳವಳಿಯ ಹಳೆಯ ಹೆಂಗಸರು ನನ್ನ ಜೊತೆ ವೇದಿಕೆಯ ಮೇಲೆ. ಒಂದು ಅಕ್ಷರವನ್ನೂ ತೆಗೆಯುವುದಿಲ್ಲ ಎಂಬ ಮಾತು.

ಇಲ್ಲ ಎಂದದ್ದು: ಸಂಪುಟ. ಡಿಸೆಂಬರ್. ವೇದಿಕೆ. ಹೆಂಗಸರು. ಮಾತು.

ಬದಲಿಗೆ ಬಂದದ್ದು: ಎರಡು ನೀಲಿ ಬಾಕ್ಸ್ ಫೈಲು.

ತಂದವಳು ಗಾಯತ್ರಿ. ಉಪ್ಪಾಗರ ಪ್ರತಿಷ್ಠಾನದ ಕಾರ್ಯದರ್ಶಿ, ಕುಮಟಾದಲ್ಲಿ ಕಾಲೇಜು ಲೆಕ್ಚರರ್. ಮಳೆಯಲ್ಲಿ ಸ್ಕೂಟಿ ಮೇಲೆ ಕಾಗಾಲದ ತನಕ ಬಂದಿದ್ದಳು. ರೇನ್‌ಕೋಟು ಫೈಲಿಗೆ ಸುತ್ತಿತ್ತು, ತಾನು ತೊಪ್ಪೆಯಾಗಿದ್ದಳು.

“ಸರ್, ಬೇಜಾರು ಮಾಡ್ಕೊಳ್ಬೇಡಿ. ವರ್ಷಕ್ಕೆ ಒಂದೇ ಪುಸ್ತಕ ಅಂತ ಕಮಿಟಿ ತೀರ್ಮಾನ.”

“ಆ ಒಂದು ನಂದೇ ಅಂತ ಹೋದ ವರ್ಷ ಹೇಳಿದ್ದು ಯಾರು?”

“ನಾನೇ.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಇವಳ ಮೇಲೆ ಸಿಟ್ಟು ನಿಲ್ಲದಿರುವುದು ಇದಕ್ಕೇ.

“ಈ ಫೈಲು ಯಾರದ್ದು?”

“ಭಟ್ಕಳದ ಸುಚಿತಾ ಮೊಗೇರ ಅವ್ರದ್ದು. ವಯಸ್ಕರ ಚಿತ್ರಕಥೆ, ಕಾಮಿಕ್ಸ್ ಥರ. ಇನ್ನೂರ ಹದಿನಾಲ್ಕು ಹಾಳೆ. ಗಂಡ, ಹೆಂಡ್ತಿ, ಹಾಸಿಗೆ ಎಲ್ಲ ಬರ್ತದೆ ಸರ್. ಕಮಿಟಿಯಲ್ಲಿ ಇಬ್ರಿಗೆ ಹೆದರಿಕೆ. ನೀವು ನೋಡಿ ಅಡ್ಡಿಲ್ಲ ಅಂತ ಬರ್ದು ಕೊಟ್ರೆ ಅವ್ರ ಬಾಯಿ ಮುಚ್ತದೆ.”

“ಅಡ್ಡಿ ಉಂಟು ಅಂತ ಬರ್ದ್ರೆ?”

“ಆಗ ಇದು ಇಲ್ಲ. ನಿಮ್ದೇ ಪ್ರೆಸ್ಸಿಗೆ ಹೋಗ್ತದೆ. ಮೂರನೇದು ನಮ್ಮ ಹತ್ರ ಇಲ್ಲ.”

“ಅಷ್ಟು ಗೊತ್ತಿದ್ದೂ ನನ್ನ ಹತ್ರ ತಂದ್ಯಾ?”

“ಶನಿಯಾರ ಮಾಸ್ತರ್ರು ತಮ್ಮ ಸ್ವಂತಕ್ಕೆ ಒಂದು ಸಾಲು ತಿರುಚುವವರಲ್ಲ ಅಂತ ನಾನೇ ಕಮಿಟಿಯಲ್ಲಿ ಹೇಳಿ ಬಂದಿದ್ದೆ ಸರ್.”

ಬಾಗಿಲ ತನಕ ಬಿಟ್ಟುಬಂದೆ. ಫೈಲಿಗೆ ಕೈ ಹಚ್ಚಿಲ್ಲ.

ಸುಚಿತಾ. ತೊಂಬತ್ತನಾಲ್ಕರಲ್ಲಿ ನಮ್ಮ ಪೋಸ್ಟರು ಬರೆಯುತ್ತಿದ್ದ ಹುಡುಗಿ. ಚಳವಳಿಗೆ ನಾನು ಮಾತು, ಅವಳು ಚಿತ್ರ.

ಜನಕ್ಕೆ ಚಿತ್ರವೇ ನೆನಪಿರುವುದು. ಹಾಳಾಗಿ ಹೋಗಲಿ.


ಜೂನ್ ೫. ಗುರುವಾರ

ಫಾರ್ಮು ಒಂದಿದೆ. ಹಾಳೆ ಸಂಖ್ಯೆ. ಕಲಾಮೌಲ್ಯ. ಸಾಮಾಜಿಕ ಮೌಲ್ಯ. ಆಕ್ಷೇಪಾರ್ಹವೇ, ಹೌದು/ಅಲ್ಲ. ಕೊನೆಗೆ ಪರಿಶೀಲಕರ ಷರಾ ಮತ್ತು ಸಹಿ. ದನ ಕೊಳ್ಳುವವನೂ ಹಲ್ಲು ನೋಡುವುದಕ್ಕೆ ಇಷ್ಟು ಕಲಮು ಹಾಕಲಾರ.

ಮೊದಲ ಫೈಲಿನ ಮೇಲೆ ಬಣ್ಣದ ಅಕ್ಷರ: ‘ಅರವತ್ತೊಂದು ದಿನ’. ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ವರ್ಷವೆಲ್ಲ ನೀರಿನ ಮೇಲಿದ್ದ ಗಂಡ ಎರಡು ತಿಂಗಳು ಮನೆಯಲ್ಲಿ. ದಿನಕ್ಕೊಂದು ಹಾಳೆ. ಗಂಡನಿಗೆ ಐವತ್ತೈದು, ಹೆಂಡತಿಗೆ ಐವತ್ತು. ಅವನಿಗೆ ಡೊಳ್ಳು ಹೊಟ್ಟೆ, ಅವಳಿಗೆ ಮೊಣಕಾಲು ನೋವು.

ಹಾಳೆ ೧. ಗಂಡ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಹೆಂಡತಿ: ‘ನೀವು ಯಾವ ಬದಿಗೆ ಮಲಗುವವರು? ಮರ್ತೇ ಹೋಯ್ತು.’

ಹಾಳೆ ೯. ಇಬ್ಬರೂ ಚಾಪೆಯ ಮೇಲೆ, ಕಣ್ಣು ಬಿಟ್ಟುಕೊಂಡು, ಅತ್ತೆಗೆ ನಿದ್ದೆ ಹತ್ತುವುದನ್ನು ಕಾಯುತ್ತಿದ್ದಾರೆ. ಎಂಟು ಚೌಕ, ಒಂದೂ ಮಾತಿಲ್ಲ. ಒಂಬತ್ತನೆಯದರಲ್ಲಿ ಅತ್ತೆಯ ದನಿ ಮಾತ್ರ: ‘ನಂಗೆ ನಿದ್ದೆ ಬಂದದೆ, ನೀವು ಸುರು ಮಾಡಿ.’

ಹಾಳೆ ೧೭. ಗಂಡ ಮೇಲುಸಿರು ಬಿಡುತ್ತ: ‘ಎಂಜಿನ್ ಬಿಸಿ ಆಯ್ತು.’ ಹೆಂಡತಿ: ‘ಇನ್ನೂ ಸ್ಟಾರ್ಟೇ ಆಗ್ಲಿಲ್ಲ.’

ಮೈ ಇದೆ. ಮುಚ್ಚಿಟ್ಟಿಲ್ಲ. ಸಿನಿಮಾದ ಮೈ ಅಲ್ಲ, ಬಾಣಂತನದ ಗೆರೆಯಿರುವ, ಬುಟ್ಟಿ ಹೊತ್ತು ಕುತ್ತಿಗೆ ಕುಸಿದ ಮೈ. ರೇಖೆ ಎಲ್ಲೂ ನಡುಗಿಲ್ಲ. ಬೋಟಿನ ಮೂತಿಯ ಮೇಲೆ ಮೂವತ್ತು ವರ್ಷ ಹೆಸರು ಬರೆದ ಕೈ. ಮರದ ಉಬ್ಬು ತಗ್ಗಿನ ಮೇಲೇ ಅಕ್ಷರ ನೇರ ನಿಲ್ಲಿಸುವವಳಿಗೆ ಕಾಗದ ಎಂತ ಲೆಕ್ಕ.

ಕಲಾಮೌಲ್ಯದ ಕಲಮಿನಲ್ಲಿ ಬರೆದೆ: ‘ಸಾಧಾರಣ’.

ಹದಿನೇಳು ಹಾಳೆಗೂ ಅದೇ. ಸಾಧಾರಣ, ಸಾಧಾರಣ, ಸಾಧಾರಣ. ಬರೆಯುವಾಗ ಪೆನ್ನು ಕಾಗದ ಹರಿಯುವಷ್ಟು ಒತ್ತುತ್ತಿತ್ತು.


ಜೂನ್ ೬. ಶುಕ್ರವಾರ. ಮಧ್ಯಾಹ್ನ

ಗದ್ದೆ ಕಡೆ ಹೋಗಿ ಬರುವಷ್ಟರಲ್ಲಿ ಜಗಲಿಯಲ್ಲಿ ಯಾರೋ ಅಳುವ ಸದ್ದು. ಓಡಿದೆ. ನಾಗಿ, ನನ್ನ ಹೆಂಡತಿ. ಅಳುತ್ತಿರಲಿಲ್ಲ. ಎದೆ ಹಿಡಿದುಕೊಂಡು ನಗುತ್ತಿದ್ದಳು. ತೊಡೆಯ ಮೇಲೆ ಹಾಳೆ ೯. ಕಣ್ಣಲ್ಲಿ ನೀರು.

“ಇದು ಯಾರ ಮನೆ ಕತೆ ಗೊತ್ತುಂಟಾ ಮಾಸ್ತರ್ರೆ? ನಮ್ದೇ. ನಿಮ್ಮವ್ವಿದು.”

“ನನ್ನವ್ವಿ ಹಂಗೆ ಹೇಳಿದ್ಲಾ?”

“ಹೇಳ್ಲಿಲ್ಲ. ಕೆಮ್ಮಿದ್ಲು. ನೀವು ಎದ್ದು ಪುಸ್ತಕ ಹಿಡ್ಕಂಡ್ರಿ.”

ಮತ್ತೆ ನಗು. ಮೂವತ್ತೆರಡು ವರ್ಷದ ಸಂಸಾರ. ನನ್ನ ಒಂಬತ್ತು ಪುಸ್ತಕ ಇದೇ ಜಗಲಿಯಲ್ಲಿ ಹುಟ್ಟಿದ್ದು. ನಾಲ್ಕನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಓದುತ್ತಾಳೆ. ನನ್ನದೊಂದು ಪುಟವನ್ನು ಪೂರಾ ಓದಿದ್ದು ನಾನು ಕಂಡಿಲ್ಲ. ಕೇಳಿದೆ: “ನಂದು ಎಂತಕೆ ಓದೂದಿಲ್ಲ?”

“ನಿಮ್ದು ಓದಿರೆ ಯಾರೋ ಬೈದಂಗೆ ಆತದೆ. ಯಾರಿಗೆ ಅಂತ ಗೊತ್ತಾಗೂದಿಲ್ಲ. ನಾನೇ ಏನೋ ತಪ್ಪು ಮಾಡಿನೇನೋ ಅಂತ ಒಳಗೆ ಹೋಗಿ ಪಾತ್ರೆ ತೊಳಿತೆ.”

ಹಾಳೆ ಕಸಿದುಕೊಂಡೆ. ‘ಆಕ್ಷೇಪಾರ್ಹವೇ?’ ಎಂಬಲ್ಲಿ ‘ಹೌದು’ ಎಂದು ಬರೆದೆ. ನಾಗಿ ಇಣುಕಿ ನೋಡಿದಳು.

“ಅದೆಂತ ಬರ್ದ್ರಿ?”

“ನಿಂಗಲ್ಲ.”


ಜೂನ್ ೧೦. ಮಂಗಳವಾರ

ವರದಿಯ ಕರಡು ಮುಗಿಯಿತು. ಒಂದೇ ಉಸಿರಿನಲ್ಲಿ. ನಕಲು ಮಾಡಿಡುತ್ತೇನೆ:

‘ಬೆವರಿನ ಜನರ ಬದುಕನ್ನು ಹಾಸಿಗೆಗೆ ಇಳಿಸುವ ಈ ಹಾಳೆಗಳು ಯಾರ ಪರ? ಕಡಲು ಖಾಲಿಯಾಗುತ್ತಿದೆ. ದಡ ಕೈತಪ್ಪುತ್ತಿದೆ. ಈ ಹೊತ್ತಿನಲ್ಲಿ ಮೀನುಗಾರರ ಮನೆಯ ಚಾಪೆಯನ್ನು ಪ್ರದರ್ಶನಕ್ಕಿಡುವುದು ಓಂ ಬೀಚಿನ ಪ್ರವಾಸಿಗೆ ಮನರಂಜನೆ, ನಮಗೆ ಅವಮಾನ. ಪ್ರಕಟಣೆಗೆ ಯೋಗ್ಯವಲ್ಲ.’

ಚೆನ್ನಾಗಿದೆ. ಕೆಚ್ಚು ಇದೆ. ಓಂ ಬೀಚಿನ ಮಾತು ಸುಳ್ಳೂ ಅಲ್ಲ. ಅಲ್ಲಿನ ಒಂದು ಗೆಸ್ಟ್ ಹೌಸಿನವರು ಇವಳ ನಾಲ್ಕು ಹಾಳೆ ಕಟ್ಟು ಹಾಕಿಸಿ ಊಟದ ಹಾಲಿನಲ್ಲಿ ತೂಗುಹಾಕಿದ್ದಾರೆ. ಯಾರೋ ಫೋನಿನಲ್ಲಿ ಫೋಟೋ ಹೊಡೆದರು. ಊರೂರು ತಿರುಗಿತು. ಅಲ್ಲಿಂದಲೇ ಗಾಯತ್ರಿಯ ಕಣ್ಣಿಗೆ ಬಿದ್ದದ್ದು.

ಆದರೂ ಎರಡನೇ ಸಲ ಓದಿದಾಗ ಬಾಯಲ್ಲಿ ಕಹಿ. ಡೈರಿಗೆ ಸುಳ್ಳು ಹೇಳಿ ಪ್ರಯೋಜನ? ಇದು ಸಿದ್ಧಾಂತವಲ್ಲ, ಹೊಟ್ಟೆಕಿಚ್ಚು. ಹಾಳೆ ೬೧ ನೋಡಿದ ಮೇಲೆ ಹೊತ್ತಿಕೊಂಡದ್ದು. ಗಂಡ ಮರುದಿನ ಕಡಲಿಗೆ. ಹೆಂಡತಿ ಗಂಟು ಕಟ್ಟುತ್ತಿದ್ದಾಳೆ. ಮಾತಿಲ್ಲ. ಕೊನೆಯ ಚೌಕದಲ್ಲಿ ಬರೀ ಚಾಪೆ, ಅದರ ಮೇಲೆ ಎರಡು ಮೈಯ ತಗ್ಗು. ಅಷ್ಟೇ. ‘ಕಡಲ ಹೆಣ್ಣಿನ ಒಂಟಿತನ’ ಎಂದು ನಾನು ನಲವತ್ತು ಪುಟ ಬರೆದಿದ್ದೇನೆ. ಭಾಷಣ ಮಾಡಿದ್ದೇನೆ. ಶಾಲು ಹೊದಿಸಿಕೊಂಡಿದ್ದೇನೆ. ಎರಡು ತಗ್ಗಿನ ಮುಂದೆ ನಲವತ್ತು ಪುಟ ಪಾನ್ ಅಂಗಡಿಯ ಪೊಟ್ಟಣ.

ಒಂದು ಮಾತ್ರ ನನ್ನದಿದೆ. ಅದನ್ನು ಇವಳು ಕಸಿಯಲಾರಳು. ತೊಂಬತ್ತನಾಲ್ಕು. ಮೀನು ಮಾರುವ ಹೆಂಗಸರನ್ನು ಬುಟ್ಟಿ ಸಮೇತ ಬಸ್ಸಿನಿಂದ ಇಳಿಸುತ್ತಿದ್ದ ಕಾಲ. ನಾರುತ್ತದೆ, ಪ್ಯಾಸೆಂಜರು ದೂರುತ್ತಾರೆ ಎಂಬ ನೆಪ. ಹೊನ್ನಾವರದ ಬಲೆ ಶೆಡ್ಡಿನಲ್ಲಿ ನಮ್ಮ ಕಚೇರಿ. ಇಪ್ಪತ್ತಾರು ದಿನ ಧರಣಿ. ಕೊನೆಗೆ ಬುಟ್ಟಿಗೆ ಬಸ್ಸಿನಲ್ಲಿ ಜಾಗ ಸಿಕ್ಕಿತು. ಸಿಕ್ಕಿದ್ದು ಒಂದು ಸಾಲಿನಿಂದ:

ಮೀನು ನಾರ್ತದೆ ಅಂದವನ ಬಟ್ಲಲ್ಲಿ ಮುಳ್ಳು ಎಣಿಸಿ.

ಗೋಡೆ ಗೋಡೆಯ ಮೇಲೆ. ಬಸ್ಸಿನ ಬೆನ್ನ ಮೇಲೆ. ಆಗ ಯಾರೂ ಹೆಸರು ಹಾಕಬಾರದೆಂಬ ನಿಯಮ. ಹಾಡು, ಪೋಸ್ಟರು, ಕರಪತ್ರ, ಎಲ್ಲ ಚಳವಳಿಯದು. ನಿಯಮ ಮಾಡಿದವನು ನಾನೇ. ಐದು ವರ್ಷದ ಮೇಲೆ ಚಳವಳಿಯ ಸಾಹಿತ್ಯ ಸಂಗ್ರಹಿಸಿದವರು ಆ ಸಾಲಿನ ಕೆಳಗೆ ನನ್ನ ಹೆಸರು ಹಾಕಿದರು. ಆಮೇಲೆ ಅದೇ ನನ್ನ ಮೊದಲ ಪುಸ್ತಕದ ಹೆಸರಾಯಿತು. ಇವತ್ತಿಗೂ ಸಭೆಯಲ್ಲಿ ನನ್ನನ್ನು ಕರೆಯುವುದೇ ‘ಮುಳ್ಳಿನ ಶನಿಯಾರ’ ಎಂದು.

ಎರಡನೆಯ ಫೈಲು ನೋಡಿ ಮುಗಿಸಿದೆ, ಎಲ್ಲಕ್ಕೂ ‘ಸಾಧಾರಣ’. ತೊಂಬತ್ತೆಂಟರಿಂದೀಚಿನವು. ಅದಕ್ಕೂ ಮೊದಲಿನವು ಸುಚಿತಾಳ ಮನೆಯಲ್ಲಿವೆಯಂತೆ, ಹಾಳೆ ಮುಟ್ಟಿದರೆ ಪುಡಿಯಾಗುತ್ತದೆ, ಅಲ್ಲೇ ಬಂದು ನೋಡಬೇಕಂತೆ. ಹೋಗುತ್ತೇನೆ. ಬೇಡ ಎನ್ನುವವನು ಪೂರಾ ನೋಡಿಯೇ ಬೇಡ ಎನ್ನಬೇಕು. ಇಲ್ಲವಾದರೆ ನಾಳೆ ಬೊಟ್ಟು ಮಾಡುತ್ತಾರೆ.


ಜೂನ್ ೧೪. ಶನಿವಾರ. ಮಧ್ಯಾಹ್ನ, ಬಸ್ಸಿನಲ್ಲಿ

ಶಿರಾಲಿ ದಾಟಿತು. ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ. ಆದರೂ ಈಗಲೇ ಬರೆಯಬೇಕು.

ಭಟ್ಕಳ ಬಂದರಿಗೆ ಹೋದಾಗ ಹನ್ನೊಂದು. ದಡಕ್ಕೆಳೆದ ದೋಣಿಗಳು, ಮೇಲೆ ತಾಡಪಾಲು. ಒಂದರ ಕೆಳಗೆ ಸುಚಿತಾ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಬ್ರಷ್ಷು. ತಲೆ ಪೂರಾ ಬೆಳ್ಳಗೆ. ದನಿ ಅದೇ.

“ಓ ಶನಿಯಾರಣ್ಣ! ಬನ್ನಿ ಬನ್ನಿ. ಇನ್‌ಸ್ಪೆಕ್ಷನ್ನಾ?”

“ಹಂಗೇ ಅಂದ್ಕೊ.”

“ಮೂಗಿಗೆ ವಸ್ತ್ರ ತಂದೀರಾ? ಇಲ್ಲಿ ಮೀನು ನಾರ್ತದೆ.”

ಪಕ್ಕದ ದೋಣಿಯ ಬಿರುಕಿಗೆ ಹತ್ತಿ ತುರುಕುತ್ತಿದ್ದ ಮಾಬ್ಲ, ಅವಳ ಗಂಡ, ಗೊಳ್ಳೆಂದು ನಕ್ಕ. ನಾನೂ ನಕ್ಕೆ. ನನ್ನ ಸಾಲಿನ ಮೇಲೆ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ.

ಡೊಳ್ಳು ಹೊಟ್ಟೆ. ಹಾಳೆಯ ಗಂಡ ಇವನೇ. “ಇವ್ಳು ನಿಮ್ಮನ್ನ ಹಿಂಗೆಲ್ಲ ಬರೀತಾಳೆ, ಬೇಜಾರಿಲ್ವಾ?” ಎಂದು ಕೇಳಿದೆ.

“ಎಂತಕೆ ಬೇಜಾರು ಮಾಸ್ತರ್ರೆ? ಎಂಜಿನ್ ವಿಷಯ ಒಂದು ಸುಳ್ಳು. ಉಳಿದದ್ದು ಖರೆ.”

“ಅದೊಂದೇ ಖರೆ,” ಎಂದಳು ಸುಚಿತಾ, ಬ್ರಷ್ಷು ಎತ್ತದೆ.

ಇವರನ್ನು ಕಂಡರೆ ಮೈ ಉರಿಯುತ್ತದೆ. ಏನು ಬರೆದರೂ ನಗುವ ಗಂಡ. ಇದು ತಮ್ಮದೇ ಮನೆ ಕತೆ ಎಂದುಕೊಳ್ಳುವ ಓದುಗರು. ನನಗೆ ಸಿಕ್ಕಿದ್ದು ಶಾಲು.

ಬಣ್ಣ ಒಣಗುವ ಮೊದಲು ಅಕ್ಷರ ಮುಗಿಸಬೇಕು, ನೀವೇ ಹೋಗಿ ನೋಡಿ, ಟ್ರಂಕು ಕಿಟಕಿ ಕೆಳಗುಂಟು ಎಂದಳು. ದೋಣಿಗಳ ಹಿಂದೆಯೇ ಅವಳ ಮನೆ. ಒಬ್ಬನೇ ಒಳಗೆ ಹೋದೆ. ಟ್ರಂಕು ತೆರೆದೆ. ಹಳೆಯ ಕರಪತ್ರಗಳ ಖಾಲಿ ಬೆನ್ನಿನ ಮೇಲೆ ಬರೆದ ಚಿತ್ರಗಳು. ಆಗ ಕಾಗದ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ.

ಎಲ್ಲಕ್ಕಿಂತ ಮೇಲೆ ಒಂದು ಹಾಳೆ. ಆರು ಚೌಕ.

ಒಂದು: ಕಂಡಕ್ಟರ್ ಮೀನಿನವಳನ್ನು ಬಸ್ಸಿನಿಂದ ದಬ್ಬುತ್ತಿದ್ದಾನೆ. ‘ನಾರ್ತದೆ!’ ಎರಡು: ಮನೆಯಲ್ಲಿ ಅವನು ಬಂಗಡೆ ತಿನ್ನುತ್ತಿದ್ದಾನೆ, ಎರಡೂ ಕೈಯಲ್ಲಿ. ಮೂರು: ಹೆಂಡತಿ ಎಂಜಲು ಬಟ್ಟಲ ಮುಂದೆ ಕೂತು ಬೆರಳು ಮಡಚುತ್ತಿದ್ದಾಳೆ. ನಾಲ್ಕು: ಅವನು ಅಂಗಿ ಬಿಚ್ಚಿ ಚಾಪೆಗೆ ಬರುತ್ತಾನೆ, ಮೀಸೆ ತಿರುವುತ್ತ. ಐದು: ಹೆಂಡತಿ ಎದ್ದು ಕೂತು ಹೇಳುತ್ತಾಳೆ: ‘ಮೀನು ನಾರ್ತದೆ ಅಂದವನ ಬಟ್ಲಲ್ಲಿ ಮುಳ್ಳು ಎಣಿಸಿ ಬಂದೆ. ಹದಿನೆಂಟು. ಹದಿನೆಂಟು ದಿನ ಹೊರಗೆ ಮಲಗಿ.’ ಆರು: ಜಗಲಿಯಲ್ಲಿ ಕಂಡಕ್ಟರ್, ಪಕ್ಕದಲ್ಲಿ ಬೆಕ್ಕು. ಬೆಕ್ಕೂ ಮೂಗು ಮುಚ್ಚಿಕೊಂಡಿದೆ.

ಐದನೆಯ ಚೌಕದಲ್ಲಿ ‘ಮೀನು’ ಎಂಬಲ್ಲಿಂದ ‘ಎಣಿಸಿ’ ಎಂಬಲ್ಲಿಯವರೆಗೆ ಕೆಂಪು ಶಾಯಿಯ ಅಡಿಗೆರೆ. ಹಾಳೆಯ ಮೂಲೆಯಲ್ಲಿ ಅದೇ ಕೆಂಪಿನಲ್ಲಿ: ‘ಅಶ್ಲೀಲ. ಬೇಡ. — ಶನಿಯಾರ’.

ನನ್ನ ಅಕ್ಷರ. ನನ್ನ ಸಹಿ. ಯಾರೂ ಹೆಸರು ಹಾಕಬಾರದೆಂದು ನಿಯಮ ಮಾಡಿದವನು ಹೆಸರು ಹಾಕಿದ ಒಂದೇ ಜಾಗ.

ಹೊರಗೆ ಮಾಬ್ಲ ಏನೋ ಹೇಳಿದ, ಅವಳು ನಕ್ಕಳು. ನಾನು ಹಾಳೆಯನ್ನು ಮಡಚಿ ಚೀಲದೊಳಗೆ ಹಾಕಿಕೊಂಡೆ. ಉಳಿದದ್ದನ್ನು ನೋಡಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದೆ.

“ಚಾ ಕುಡೀದೆ ಹೋಗ್ತ್ರಾ?”

“ಇನ್ನೊಮ್ಮೆ.”

ಹೊನ್ನಾವರ ಬಂತು. ಸೇತುವೆ. ಚೀಲ ತೊಡೆಯ ಮೇಲಿದೆ. ಕಿಟಕಿ ತೆರೆದಿದೆ. ಕೆಳಗೆ ಶರಾವತಿ. ಒಂದು ಕೈ ಸಾಕು.

ಆಗಲಿಲ್ಲ.


ಜೂನ್ ೨೭. ಶುಕ್ರವಾರ

ಹದಿಮೂರು ದಿನ ಇದನ್ನು ತೆರೆಯಲಿಲ್ಲ.

ಗಾಯತ್ರಿ ನಾಲ್ಕು ಸಲ ಫೋನ್ ಮಾಡಿದಳು. ಜ್ವರ ಎಂದೆ.

ನೆನಪಾಗಿರಲಿಲ್ಲವೇ? ಈ ಪ್ರಶ್ನೆ ಹದಿಮೂರು ದಿನದಿಂದ ಎದುರಿಗೆ ಕೂತಿದೆ. ನಾನು ಎಷ್ಟು ಜನರನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸಿ ಕೇಳಿಲ್ಲ! ಶೆಟ್ಟರನ್ನು, ಸಾಹುಕಾರರನ್ನು, ಮಂತ್ರಿಗಳನ್ನು: ನಿಮಗೆ ನೆನಪಿಲ್ಲವೇ, ಇಲ್ಲವೆಂದು ನಟಿಸುತ್ತೀರೋ?

ನೆನಪಿದೆ. ಈಗ ಪೂರಾ ನೆನಪಿದೆ. ಬಲೆ ಶೆಡ್ಡು. ನಾನು ಹೊರಗಿನಿಂದ ಬರುವಾಗ ಒಳಗೆ ನಗು. ಮೂವತ್ತು ಹೆಂಗಸರು, ಬುಟ್ಟಿ ಮಗುಚಿ ಹಾಕಿ ಅದರ ಮೇಲೆ ಕೂತು, ಒಂದು ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತ ಕೂಡಲೇ ನಗು ನಿಂತಿತು. ಅದು ಚುಚ್ಚಿತು. ಹಿಂದಿನ ದಿನ ಅದೇ ಹೆಂಗಸರಿಗೆ ನಾನು ಒಂದೂವರೆ ತಾಸು ಭಾಷಣ ಮಾಡಿದ್ದೆ. ಮೂವರು ತೂಕಡಿಸಿದ್ದರು.

ಹಾಳೆ ಇಸಿದುಕೊಂಡು ಎಲ್ಲರೆದುರು ಕೆಂಪು ಪೆನ್ನಿನಲ್ಲಿ ಬರೆದೆ. ‘ಇದು ಹೋರಾಟ, ಮದುವೆ ಮನೆ ಅಲ್ಲ’ ಎಂದೆ. ಸುಚಿತಾಳಿಗೆ ಆಗ ಇಪ್ಪತ್ತನಾಲ್ಕು. ಹಾಳೆ ತಿರುಗಿ ಇಸಿದುಕೊಂಡು ಬುಟ್ಟಿಯ ತಳಕ್ಕೆ ಹಾಕಿದಳು. ಮೂರು ದಿನದ ಮೇಲೆ ನಾನೇ ಆ ಸಾಲನ್ನು ಪೋಸ್ಟರಿಗೆ ಬರೆಯಲು ಅವಳ ಕೈಗೇ ಕೊಟ್ಟೆ. ಅಡಿಗೆರೆ ಎಳೆಯುವಾಗಲೇ ಎತ್ತಿಟ್ಟುಕೊಂಡಿದ್ದೆ. ಚಿತ್ರ ಅಶ್ಲೀಲ, ಮಾತು ಕ್ರಾಂತಿ.

ಅವಳು ಬರೆದಳು. ನಿಯಮದಂತೆ, ಹೆಸರಿಲ್ಲದೆ.

ಸಂಗ್ರಹದವರು ಕೇಳಿದಾಗ ‘ಎಲ್ಲರದ್ದು’ ಎಂದಿದ್ದೆ. ನನ್ನ ಹೆಸರು ಅಚ್ಚಾಗಿ ಬಂದಾಗ ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೂ ಬೇಕಾಗಲಿಲ್ಲ. ನಂಬಿಬಿಟ್ಟೆ.


ಜುಲೈ ೧. ಮಂಗಳವಾರ. ಬೆಳಿಗ್ಗೆ

ನಾಗಿ ಚೀಲ ಒಗೆಯಲು ತೆಗೆದಳಂತೆ. ಹಾಳೆ ಕೈಗೆ ಸಿಕ್ಕಿತು. ಒಲೆಯ ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿ ಓದಿದಳು. ಬೆಕ್ಕಿನ ತನಕ ಬಂದಾಗ ನಗು ಬಂತು. ಮತ್ತೆ ನಗು ನಿಂತಿತು.

“ಈ ಕೆಂಪು ಅಕ್ಷರ ನಿಮ್ದಲ್ದಾ?”

“ಹೌದು.”

“ಈ ಕಪ್ಪು ಅಕ್ಷರ ಅವಳ್ದು.”

“ಹೌದು.”

ದೋಸೆ ಮಗುಚಿ ಹಾಕಿದಳು.

“ಹಂಗಾರೆ ಅದು ನಿಮ್ದಲ್ಲ.”

ಬೈಯಲಿಲ್ಲ. ಅನ್ನ ಬೆಂದಿದೆ ಎಂಬಂತೆ ಹೇಳಿದಳು. ನಾನು ಕೂಗಾಡಿದೆ. ಚಳವಳಿ ಎಂದರೆ ಏನು ಗೊತ್ತಾ ನಿನಗೆ, ಸಾಮೂಹಿಕ ಸೃಷ್ಟಿ ಅಂದರೆ ಗೊತ್ತಾ, ಮಾತಿಗೆ ಒಡೆತನ ಇಲ್ಲ, ಒಡೆತನವೇ ಶೋಷಣೆಯ ಮೂಲ…

“ಆತು,” ಎಂದಳು. “ಹಂಗಾರೆ ಪುಸ್ತಕದ ಮೇಲೆ ನಿಮ್ಮ ಹೆಸರು ಎಂತಕೆ ಹಾಕಿರಿ?”

ದೋಸೆ ಬಿಟ್ಟು ಗದ್ದೆ ಕಡೆ ಹೋದೆ.


ಜುಲೈ ೧೨. ಶನಿವಾರ

ಮತ್ತೆ ಭಟ್ಕಳ. ಹಾಳೆ ತಿರುಗಿ ಕೊಡಲು. ಮುನ್ನೂರು ಸಲ ರೂಢಿ ಮಾಡಿಕೊಂಡು ಹೋದ ಮಾತು ಒಂದೂ ಬೇಕಾಗಲಿಲ್ಲ.

ಸುಚಿತಾ ಈಗ ಬೇರೊಂದು ದೋಣಿಯ ಮೂತಿಯಲ್ಲಿದ್ದಳು. ‘ದುರ್ಗ’ ಬರೆದಾಗಿತ್ತು, ಮುಂದಿನ ಅಕ್ಷರಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಚೀಲದ ಬಾಯಿ ತೆರೆಯುವ ಮೊದಲೇ:

“ತಂದ್ರಾ? ಟ್ರಂಕಲ್ಲಿ ಒಂದು ಕಮ್ಮಿ ಇತ್ತು.”

“ಗೊತ್ತಿತ್ತಾ ನಿಂಗೆ?”

“ಗೊತ್ತಿಲ್ದೆ? ಆವಾಗ ಬರೀ ಮಾತು ಒಯ್ದಿದ್ರಿ. ಈ ಸಲ ಹಾಳೆಯನ್ನೇ ಒಯ್ದ್ರಿ. ಅಡ್ಡಿಲ್ಲ, ಮುಂದೆ ಬಂದೀರಿ ಅಂದ್ಕಂಡೆ.”

“ನಾನು ಒಯ್ಲಿ ಅಂತ್ಲೇ ಮೇಲೆ ಇಟ್ಟದ್ದಾ?”

“ನೀವು ನೋಡ್ಲಿ ಅಂತ ಇಟ್ಟದ್ದು. ಒಯ್ದದ್ದು ನಿಮ್ಮ ಕೈಗುಣ.”

ಮಾಬ್ಲ ಈ ಸಲ ನಗಲಿಲ್ಲ. ಎದ್ದು ನೀರಿನ ಕಡೆ ಹೋದ.

“ಇಷ್ಟು ವರ್ಷ ಎಂತಕೆ ಹೇಳ್ಲಿಲ್ಲ ಸುಚಿತಾ?”

“ಹೆಸರು ಹಾಕೂಕಿಲ್ಲ ಅಂತ ನಿಯಮ ಮಾಡಿದ್ದು ನೀವಲ್ದಾ ಶನಿಯಾರಣ್ಣ? ನಾನು ಪಾಲಿಸ್ದೆ. ನೀವು ಮುರಿದ್ರಿ. ಎಷ್ಟು ದೂರ ಹೋಗ್ತ್ರಿ ನೋಡ್ವಾ ಅಂತ ಇದ್ದೆ. ದೂರವೇ ಹೋದ್ರಿ.” ಬ್ರಷ್ಷು ಡಬ್ಬಿಯ ಅಂಚಿಗೆ ಒರೆಸಿದಳು. “ಮಾತು ಹೋದದ್ದಕ್ಕೆ ಹೊಟ್ಟೆ ಉರೀಲಿಲ್ಲ. ಮಾತು ಇನ್ನೊಂದು ಹುಟ್ತದೆ. ಎಲ್ಲ ಹೆಂಗಸ್ರು ನಕ್ಕದ್ದಕ್ಕೆ ಅಶ್ಲೀಲ ಅಂದ್ರಲ್ಲ, ಅದು. ಆಮೇಲೆ ನಾಲ್ಕು ವರ್ಷ ಚಿತ್ರ ಬರೀಲಿಲ್ಲ ನಾನು. ಬೋಟಿನ ಹೆಸರು ಮಾತ್ರ ಬರ್ದೆ.”

ಫೈಲು ತೊಂಬತ್ತೆಂಟರಿಂದ ಶುರುವಾಗುವುದು ಏಕೆಂದು ಆಗ ಹೊಳೆಯಿತು.

“ಈಗ ಎಂತ ಮಾಡ್ಬೇಕು ನಾನು?”

“ಪುಸ್ತಕ ಬಂದ್ರೆ ಆ ಹಾಳೆಯೇ ಮೊದ್ಲು ಬರ್ಬೇಕು. ಕೆಂಪು ಅಕ್ಷರ ಅಳಿಸೂಕಿಲ್ಲ. ನಿಮ್ಮ ಸಹಿ ಸಮೇತ.”

“ನನ್ನ ಮರ್ಯಾದೆ…”

“ನಿಮ್ಮ ಅಕ್ಷರ ಚಂದ ಉಂಟು. ಚಿತ್ರಕ್ಕೆ ಒಪ್ತದೆ.”

ಅಳಿದುಳಿದ ದರ್ಪವನ್ನೆಲ್ಲ ಕೂಡಿಸಿ ಹೇಳಿದೆ: “ನಾನು ಬೇಡ ಅಂತ ಬರ್ದ್ರೆ ಪುಸ್ತಕವೇ ಇಲ್ಲ, ಗೊತ್ತಾ?”

“ಗೊತ್ತುಂಟು. ನಾಗಕ್ಕ ನೋಡಿದ್ರಾ?”

“ನೋಡಿದ್ಲು.”

“ನಕ್ರಾ?”

ಸುಳ್ಳು ಹೇಳಬೇಕೆನಿಸಿತು.

“ಕಣ್ಣಲ್ಲಿ ನೀರು ಬರೂಷ್ಟು.”

“ಹಂಗಾರೆ ನಿಮ್ಮ ಪರೀಕ್ಷೆಯಲ್ಲಿ ನಾನು ಪಾಸು.” ಬ್ರಷ್ಷು ಬಣ್ಣಕ್ಕದ್ದಿದಳು. “ಇನ್ನು ನಿಮ್ದು ನೋಡ್ವಾ.”

ಈ ಸಲ ಚಹಾ ಕುಡಿದು ಬಂದೆ. ಹಾಳೆ ಅವಳ ಟ್ರಂಕಿಗೆ ಸೇರಿತು. ಬರುವಾಗ ತಿರುಗಿ ನೋಡಿದೆ. ಇಷ್ಟೆಲ್ಲ ಮಾತಾಡಿದ ಮೇಲೂ ಅವಳ ಅಕ್ಷರ ಕೂದಲೆಳೆಯಷ್ಟೂ ಸರಿದಿರಲಿಲ್ಲ. ತಪ್ಪಿತಸ್ಥ ನಾನು, ನಾಚಿಕೆ ಆಗಬೇಕಿತ್ತು. ಆದದ್ದು ಮತ್ತೆ ಅದೇ ಕಿಚ್ಚು.


ಜುಲೈ ೧೯. ಶನಿವಾರ

ಗಾಯತ್ರಿಗೆ ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ. ಹಾಳೆ, ಕೆಂಪು ಗೆರೆ, ಸಾಲು, ಕದ್ದು ತಂದದ್ದು.

“ಸರ್… ಹಾಗಾದ್ರೆ ನಿಮ್ಮ ಸಮಗ್ರದ ಹೆಸರು?”

“ಬೇರೆ ಹುಡುಕ್ಬೇಕು. ಸಮಗ್ರ ಬಂದ್ರೆ.”

“ಕಮಿಟಿಗೆ ನೀವೇ ಬಂದು ಓದಿ ಹೇಳ್ಬೇಕು ಸರ್. ಕಾಗದ ಕಳ್ಸಿದ್ರೆ ನಾನು ಬರ್ಸಿದ್ದು ಅಂತಾರೆ. ಸುಚಿತಾ ಅವ್ರನ್ನೂ ಕರೀತೆ.”

“ಕರಿ.”

“ಸರ್, ಒಂದು ಕೇಳ್ಲಾ? ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ನಾಗಿಗೆ ಗೊತ್ತುಂಟು.”

ಅವಳಿಗೆ ಅರ್ಥವಾಯಿತೋ ಇಲ್ಲವೋ. ‘ಹ್ಞಾಂ ಸರ್’ ಎಂದಳು.


ಜುಲೈ ೨೫. ಶುಕ್ರವಾರ. ಸಂಜೆ ೫

ಫಾರ್ಮು ತುಂಬಿದೆ. ಇನ್ನೂರ ಹದಿನಾಲ್ಕು ಕಡೆ ‘ಸಾಧಾರಣ’ ಹೊಡೆದು ಹಾಕಿದೆ. ಎಲ್ಲಕ್ಕೂ ‘ಉತ್ತಮ’ ಎಂದು ಬರೆದೆ ಎನ್ನಲಾರೆ. ಎಲ್ಲವೂ ಉತ್ತಮವಲ್ಲ. ೩೩ರಿಂದ ೩೮ರ ತನಕ ಸುಮ್ಮನೆ ಎಳೆದಿದ್ದಾಳೆ. ಅದನ್ನೂ ಬರೆದಿದ್ದೇನೆ. ಬರೆಯುವಾಗ ಹಿತವಾಯಿತು, ಅಡಗಿಸುವುದಿಲ್ಲ. ‘ಆಕ್ಷೇಪಾರ್ಹವೇ?’ ಎಂಬಲ್ಲಿ ಎಲ್ಲಕ್ಕೂ ‘ಅಲ್ಲ’. ಒಂದನ್ನು ಬಿಟ್ಟು. ಫಾರ್ಮಿಗೆ ನಾನೇ ಸೇರಿಸಿದ ಬಲೆ ಶೆಡ್ಡಿನ ಹಾಳೆಗೆ: ‘ಹೌದು. ಮೂಲೆಯಲ್ಲಿರುವ ಕೆಂಪು ಷರಾ ಮಾತ್ರ. ಅದನ್ನು ಹಾಗೆಯೇ ಅಚ್ಚು ಮಾಡತಕ್ಕದ್ದು.’

ವರದಿ ಬರೆಯಲು ಬಿಳಿ ಹಾಳೆ ಹುಡುಕಿದೆ. ಸಿಗಲಿಲ್ಲ. ಜೂನ್ ಹತ್ತರ ಕರಡು ಮೇಜಿನ ಮೇಲಿತ್ತು, ಕೆಚ್ಚಿನದು, ‘ಪ್ರಕಟಣೆಗೆ ಯೋಗ್ಯವಲ್ಲ’. ಅದರ ಖಾಲಿ ಬೆನ್ನಿನ ಮೇಲೇ ಬರೆದೆ. ಆ ಸಾಲು ಯಾರದ್ದು, ಯಾರು ಒಯ್ದದ್ದು, ಒಯ್ದವನ ಹೆಸರು. ಹನ್ನೊಂದೇ ವಾಕ್ಯ. ನನ್ನ ಬರಹದಲ್ಲಿ ಇಷ್ಟು ಚಿಕ್ಕದು ಮತ್ತೊಂದಿಲ್ಲ. ನಾಗಿಗೆ ಓದಿ ಹೇಳಿದೆ. ಪೂರಾ ಕೇಳಿದಳು. ಪಾತ್ರೆ ತೊಳೆಯಲು ಏಳಲಿಲ್ಲ.

“ಇದು ಯಾರಿಗೆ ಬೈದದ್ದು ಅಂತ ಗೊತ್ತಾತು,” ಎಂದಳು. ಮತ್ತೆ: “ನಾನೂ ಬತ್ತೆ. ಸುಚಿತಕ್ಕನ ಬದಿಗೆ ಕೂತ್ಕಣ್ತೆ.”

ನನ್ನ ಬದಿಗಲ್ಲ. ಇರಲಿ.

ಹಾಳೆಗೆ ಈಗ ಎರಡು ಬದಿ, ಎರಡರಲ್ಲೂ ನನ್ನ ಅಕ್ಷರ. ಸಹಿ ಒಂದೇ ಬದಿಗೆ. ಪೇಟೆಗೆ ಹೋಗಿ ಕೆಂಪು ಪೆನ್ನು ತಂದು ಹಾಕಿದ್ದು.

ಹೊಟ್ಟೆಕಿಚ್ಚು ಆರಿಲ್ಲ. ಆರುವುದೂ ಇಲ್ಲ. ಆ ಬೆಕ್ಕು ನನಗೆ ಹೊಳೆಯಬೇಕಿತ್ತು.

ಸಭೆ ಕುಮಟಾದಲ್ಲಿ, ಪ್ರತಿಷ್ಠಾನದ ಮಾಳಿಗೆಯ ಮೇಲೆ. ಭಾನುವಾರ, ಜುಲೈ ಇಪ್ಪತ್ತೇಳು, ಬೆಳಿಗ್ಗೆ ಹನ್ನೊಂದು ಗಂಟೆ. ಈ ಹಾಳೆ ನಾನೇ ಓದಬೇಕು.